ಪಿಲಾರಮ್ಮ ಬರುವುದರೊಳಗೆ

ಹೋದ ವಾರ ಬ್ಲೌಸಿನ ಲೈನಿಂಗ್ ಬಟ್ಟೆ ತರಲು ಆದೋನಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ಅಡ್ಡದಾರಿ ಹಿಡಿದರೆ ಎಣ್ಣೆ ಮಿಲ್ಲಿನ ಓಣಿ ಸಿಗುತ್ತದೆ. ಹತ್ತಿಕಾಳು ಅರೆಯುವ ವಾಸನೆ ಗೊತ್ತಿದ್ದವರಿಗೆ ಗೊತ್ತು. ಬಿಸಿ, ಕಮಟು, ಗಂಟಲಿಗೆ ಅಂಟಿಕೊಳ್ಳುವಂಥದ್ದು. ಉಳಿದವರು ಮೂಗು ಮುಚ್ಚಿಕೊಂಡು ಸರಸರ ದಾಟುತ್ತಾರೆ. ನಾನು ಅಲ್ಲೇ ನಿಂತುಬಿಟ್ಟೆ. ಯಾಕೆಂದರೆ ಅದೇ ಓಣಿಯ ಕೊನೆಯಲ್ಲಿ, ಒಂದು ಕಾನ್ವೆಂಟಿನ ಮಹಡಿ ಮೇಲೆ, ಮೂರು ವರ್ಷದ ಹಿಂದೆ ನಾನು ಸ್ಪಾನಿಷ್ ಕಲಿಯಲು ಹೋಗುತ್ತಿದ್ದೆ.

ನಗುವವರು ನಕ್ಕುಬಿಡಿ, ಆಮೇಲೆ ಮುಂದೆ ಓದಿ. ಆಲೂರಿನ ಟೈಲರಮ್ಮ, ಹತ್ತನೇ ಕ್ಲಾಸಿನ ಇಂಗ್ಲಿಷು, ಆಗ ನಲವತ್ಮೂರು ವಯಸ್ಸು. ಈ ಪೇಜಿನಲ್ಲಿ ತೋಳಿನ ಕಟಿಂಗು, ಉಳ್ಳಾಗಡ್ಡಿ ರೇಟು, ಪಕ್ಕದ ಮನೆಯ ಅತ್ತೆ-ಸೊಸೆ ಅಂತ ಏನೇನೋ ಬರೆದು ನಿಮ್ಮ ಲೈಕು ತಿಂದಿದ್ದೇನೆ. ಇದೊಂದನ್ನು ಬರೆದಿರಲಿಲ್ಲ. ಬರೆದರೆ ನೀವು ನನ್ನನ್ನು ಬೈಯುತ್ತೀರಿ, ಅದು ಗೊತ್ತು. ಬೈಯಿರಿ.

ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ತೆಲುಗು ನಾಡಿಗೆ ಸೇರಿದ ಗಡಿ ಊರು, ಈ ಕಡೆ ಒಂದು ಸಂಸ್ಥೆ ಇದೆ, ಹೆಸರು ಬೇಡ. ಊರಿನ ಒಂದೊಂದು ಮಗುವಿಗೆ ಸ್ಪೇನ್ ದೇಶದ ಒಬ್ಬೊಬ್ಬರನ್ನು ಗಂಟು ಹಾಕುತ್ತಾರೆ. ಅವರು ಕಳಿಸಿದ್ದು ನಮ್ಮ ಕೈಗೆ ಬರುವುದಿಲ್ಲ. ಶಾಲೆ, ಸೈಕಲ್ಲು, ಹಾಸ್ಟೆಲ್ಲು ಅಂತ ಊರಿಗೆ ಬರುತ್ತದೆ. ಮಗುವಿನ ಕೆಲಸ ಒಂದೇ, ವರ್ಷಕ್ಕೆರಡು ಸಲ ಅವರಿಗೆ ಕಾಗದ ಬರೆಯುವುದು. ಕಾಗದದ ದಿನ ಶಾಲೆಯ ಕಟ್ಟೆ ಮೇಲೆ ಮಕ್ಕಳನ್ನು ಕೂಡಿಸಿ, ಬೋರ್ಡಿನ ಮೇಲೆ ತೆಲುಗಿನಲ್ಲಿ ನಮೂನೆ ಬರೆಯುತ್ತಿದ್ದರು. ನಾನು ಚೆನ್ನಾಗಿದ್ದೇನೆ, ನಮ್ಮಲ್ಲಿ ಮಳೆ ಆಗಿದೆ, ನಮ್ಮ ನಾನ್ನ, ಅಂದರೆ ಅಪ್ಪ, ಇಂಥ ಕೆಲಸ ಮಾಡುತ್ತಾರೆ. 'ಇಂಥ' ಅನ್ನುವ ಕಡೆ ಜಾಗ ಬಿಟ್ಟಿರುತ್ತಿದ್ದರು, ಹೊಲವೋ ಕೂಲಿಯೋ ಮಕ್ಕಳೇ ತುಂಬಬೇಕು. ಮನೆಯಲ್ಲಿ ಕನ್ನಡ, ಹಾಳೆಯಲ್ಲಿ ತೆಲುಗು, ಆಫೀಸಿನಲ್ಲಿ ಸ್ಪಾನಿಷ್. ನಮ್ಮ ಮಾತು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೂರು ಸೀರೆ ಬದಲಿಸಿರುತ್ತಿತ್ತು.

ಹದಿಮೂರು ವರ್ಷದ ಹಿಂದಿನ ಮಾತು, ನನ್ನ ಮಗಳು ಭಾಗ್ಯ ಆಗ ಏಳು ವರ್ಷದವಳು. ಬರೆಯಲು ಮಹಾ ಸೋಮಾರಿ. ಹಾಳೆಯನ್ನು ಮನೆಗೇ ತಂದು ನನ್ನ ಮಷೀನಿನ ಪಕ್ಕ ಕೂತಳು. "ಅಮ್ಮಾ, ಅಪ್ಪ ಏನ್ ಮಾಡ್ತಾನಂತ ಬರೀಲಿ?" ಅಂದಳು.

ಅಪ್ಪ ಬಳ್ಳಾರಿಯಲ್ಲಿದ್ದ. ಕೆಲಸಕ್ಕೆಂದು ಹೋಗಿ ಎಂಟು ತಿಂಗಳಾಗಿತ್ತು. ಒಂದು ಫೋನಿಲ್ಲ, ಸುದ್ದಿಯಿಲ್ಲ. ಅಲ್ಲಿ ಇನ್ನೊಂದು ಮನೆ ಮಾಡಿದ್ದಾನೆಂದು ಅವನ ದೋಸ್ತನೇ ನಮ್ಮ ಬಾಗಿಲಿಗೆ ಬಂದು ಹೇಳಿ, ನಾನು ಮಾಡಿಕೊಟ್ಟ ಚಹಾ ಕುಡಿದು ಹೋಗಿದ್ದ. ನಾನು ಮಗಳ ಕೈಯಿಂದ ಪೆನ್ಸಿಲು ಕಸಿದುಕೊಂಡೆ. ನಮ್ಮ ನಾನ್ನ ಜ್ವರ ಬಂದು ತೀರಿಕೊಂಡರು ಅಂತ ಬರೆದೆ. ಮುಂದೆ ಅವನ ಹೆಸರನ್ನೂ ಬರೆದೆ. ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಲ್ಲಿ ತಂದವಳಲ್ಲ ನಾನು. ಇಲ್ಲೂ ತರುವುದಿಲ್ಲ. ಮೊದಲ ಸಲ ಬರೆದದ್ದು ಅವನನ್ನು ಸಾಯಿಸಲಿಕ್ಕೆ.

ಮೂರು ತಿಂಗಳಿಗೆ ಅವನು ವಾಪಸ್ ಬಂದ. ಚೀಲ ಕೆಳಗಿಟ್ಟು, "ಉಣ್ಣಾಕ ಏನೈತಿ?" ಅಂದ. ನಾನು ರೊಟ್ಟಿ ಬಡಿದು ಹಾಕಿದೆ. ನಮ್ಮಂಥ ಮನೆಗಳಲ್ಲಿ ಜಗಳ ಹೀಗೆ ಮುಗಿಯುತ್ತದೆ. ಅಂದರೆ ಮುಗಿಯುವುದಿಲ್ಲ, ಒಳಗೆ ಹೋಗಿ ಕೂರುತ್ತದೆ. ಆದೋನಿಯಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಕೆಲಸಕ್ಕೆ ಸೇರಿದ, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದ, ಆಮೇಲೆ ಎಲ್ಲಿಗೂ ಹೋಗಲಿಲ್ಲ. ಅವನು ಬಂದ ಹದಿನೈದು ದಿನಕ್ಕೆ ಸ್ಪೇನಿನಿಂದ ಉತ್ತರ ಬಂತು. ಭಾಗ್ಯಳ ಪಾಲಿಗೆ ಬಂದವಳ ಹೆಸರು ಪಿಲಾರ್, ನಾವು ಪಿಲಾರಮ್ಮ ಅನ್ನುತ್ತಿದ್ದೆವು. ನನ್ನ ಗಂಡ ಅಂತೋನಿಯೋ ಕೂಡ ಈ ವರ್ಷವೇ ಹೋದ, ಅವನ ಜೊತೆಗೆ ನಿನ್ನ ಅಪ್ಪನಿಗೂ ಚರ್ಚಿನಲ್ಲಿ ಒಂದು ಮೇಣದಬತ್ತಿ ಹಚ್ಚಿದ್ದೇನೆ ಮಗಳೇ ಅಂತ ಬರೆದಿದ್ದಳು. ಸತ್ತವನು ಚೀಲ ತಗೊಂಡು ಮನೆಗೆ ಬಂದ ಅಂತ ನಾನು ಹೇಗೆ ಬರೆಯಲಿ? ಮುಂದಿನ ಕಾಗದದಲ್ಲಿ ನೋಡೋಣ ಅಂದುಕೊಂಡೆ. ಮುಂದಿನದರಲ್ಲೂ ಅದನ್ನೇ ಅಂದುಕೊಂಡೆ. ಹೀಗೆ ಹತ್ತು ವರ್ಷ. ವರ್ಷಕ್ಕೊಂದು ಬತ್ತಿ ಅಲ್ಲಿ ಉರಿಯಿತು, ಇಲ್ಲಿ ಅವನು ಹತ್ತಿ ಮೂಟೆ ತೂಗಿದ. ಕಾಗದಗಳು ಆಫೀಸಿನಲ್ಲಿ ತೆಲುಗಿಗೆ ಇಳಿದು, ಮುಚ್ಚಿದ ಕವರಿನಲ್ಲಿ ಭಾಗ್ಯಳ ಕೈಗೇ ಬರುತ್ತಿದ್ದವು. ಅವಳೂ ಓದಿ ಟ್ರಂಕಿನ ತಳಕ್ಕೆ ಹಾಕುತ್ತಿದ್ದಳು.

ಮೂರು ವರ್ಷದ ಹಿಂದೆ, ಆಷಾಢದ ಗಾಳಿ ಬಾಗಿಲು ಬಡಿಯುವ ಒಂದು ಮಧ್ಯಾಹ್ನ, ಹನುಮಂತು ಬಂದ. ನನ್ನ ಗಂಡನ ಚಿಕ್ಕಪ್ಪನ ಮಗ. ಸಂಸ್ಥೆಯ ಕಾಗದಗಳನ್ನು ಊರಲ್ಲಿ ಹಂಚುವುದು, ಒಯ್ಯುವುದು ಅವನ ಕೆಲಸ. ಅವನ ಕಿವಿಗೆ ಬಿದ್ದದ್ದು ಆಲೂರಿನ ಎಲ್ಲ ಚಹಾ ಅಂಗಡಿಗೂ ಅರ್ಧ ತಾಸಿನಲ್ಲಿ ಮುಟ್ಟುತ್ತದೆ.

"ಅತ್ತಿಗಿ, ಸ್ವೀಟ್ ತರ್ಸು ಮೊದ್ಲು. ನಿಮ್ಮ ಭಾಗ್ಯನ ಸ್ಪೇನಮ್ಮ ಬರ್ತಾಳಂತ! ಸಂಕ್ರಾಂತಿ ಆದ ಮ್ಯಾಲ."

"ಯಾಕ ಬರ್ತಾಳ?"

"ಯಾಕ ಅಂದ್ರ? ಹುಡುಗೀನ ನೋಡಾಕ. ಮನಿಗೆ ಬಂದು ಉಂಡು ಹೋಗ್ತಾರ. ಅಣ್ಣಗ ಹೇಳು, ಅವತ್ತು ಮಿಲ್ಲಿಗೆ ಲೀವ್ ಹಾಕು ಅಂತ. ಫೋಟೋದಾಗ ತಂದಿ ಇಲ್ದಿದ್ರ ಹೆಂಗ?"

ನನ್ನ ಕೈಯಲ್ಲಿದ್ದ ಬಟ್ಟೆ ಸೂಜಿಯ ಕೆಳಗೆ ಹಾಗೇ ಸುತ್ತಿಕೊಂಡಿತು. ಅದೇ ವಾರ ಪಿಲಾರಮ್ಮನ ಕಾಗದವೂ ಬಂತು. ಬಂದಾಗ ನಿನ್ನ ಅಪ್ಪನ ಫೋಟೋಕ್ಕೆ ನನ್ನ ಕೈಯಾರೆ ಹೂವಿಡಬೇಕು ಅಂತ ಅದರಲ್ಲಿತ್ತು.

ಭಾಗ್ಯ ಕಾಗದ ಮಡಚಿ ನನ್ನ ಮುಖ ನೋಡಿದಳು. ಆಗ ಅವಳು ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷ, ಹದಿನೇಳು ವಯಸ್ಸು. ಮಾತು ನನಗಿಂತ ಚೂಪು.

"ಈಗೇನ್ ಮಾಡ್ತಿ? ಅಪ್ಪನ್ನ ಗೋಡಿಗೆ ನೇತ ಹಾಕ್ತಿ?"

"ಬಾಯಿ ಮುಚ್ಚು. ಅವತ್ತೊಂದಿನ ನಿಮ್ಮಪ್ಪನ್ನ ಗೋನೆಗಂಡ್ಲಕ್ಕ ಕಳಿಸ್ತೀನಿ, ಅವರಕ್ಕನ ಮನಿಗೆ."

"ಹನುಮಂತು ಕಾಕಾ ಬಿಡ್ತಾನೇನ್? ಅಮ್ಮಾ, ನೋಡು. ಹತ್ತು ವರ್ಷ ಕಾಗದದಾಗ ಅಪ್ಪ ಇಲ್ದಾಕಿ ಆಗೀನಿ. ನಮ್ಮಪ್ಪ ಮನ್ಯಾಗ ಉಣ್ಣಕೊಂತ ಕುಂತಿರ್ತಾನ, ನಾನು ಪಕ್ಕದಾಗ ಕುಂತು 'ನಾನ್ನ ನೆನಪಾಗ್ತಾರ' ಅಂತ ಬರೀಬೇಕು. ಇನ್ನ ನನ್ ಕೈಲಿ ಆಗಂಗಿಲ್ಲ. ಆಕಿ ಬಂದಾಗ ನೀ ಹೇಳ್ತಿಯೋ, ನಾ ಹೇಳ್ಲೋ? ನಾ ಹೇಳಿದ್ರ ತೆಲುಗಿನಾಗ ಹೇಳ್ತೀನಿ, ಆಫೀಸಿನೋರು, ಕಾಕಾ, ಅಪ್ಪ, ಎಲ್ಲಾರ ಮುಂದ."

"ನಾನ ಹೇಳ್ತೀನಿ."

"ಯಾವ ಭಾಷಾದಾಗ?"

ಅಲ್ಲಿ ಹುಟ್ಟಿತು ನೋಡಿ ಈ ಹುಚ್ಚು. ಪರದೇಶದವರು ಮನೆಗೆ ಬಂದರೆ ಜೊತೆಗೆ ಆಫೀಸಿನ ದುಭಾಷಿ ಬಂದೇ ಬರುತ್ತಾರೆ, ಕಟ್ಟೆ ಮೇಲೆ ಹನುಮಂತು ಕೂತಿರುತ್ತಾನೆ. ಅವರ ಮೂಲಕ ಹೇಳಿದರೆ ಊರಿಗೆಲ್ಲ ಹೇಳಿದಂತೆ. ಆದರೆ ಅಡುಗೆಮನೆಗೆ ಆಕೆಯೊಬ್ಬಳನ್ನೇ ಒಂದು ನಿಮಿಷ ಕರೆದುಕೊಂಡು ಹೋದರೆ? ಅಲ್ಲಿ ಅವಳ ಭಾಷೆಯಲ್ಲಿ ಮೂರು ಮಾತು ಹೇಳಿದರೆ? ಗಂಡನಿಗೆ ಗೊತ್ತಾಗುವುದಿಲ್ಲ, ಊರಿಗೆ ಗೊತ್ತಾಗುವುದಿಲ್ಲ. ಕೈಯಲ್ಲಿ ಆರು ತಿಂಗಳಿತ್ತು. ಹುಟ್ಟಿದ ಕೂಸು ಆರು ತಿಂಗಳಿಗೆ ಕೂರಲು ಕಲಿಯುತ್ತದೆ, ನನಗೆ ಮೂರು ಮಾತು ಬರುವುದಿಲ್ಲವೇ ಅಂದುಕೊಂಡೆ.

ಮೊದಲು ಹೋದದ್ದು ಆದೋನಿಯ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ. ಮೇಷ್ಟ್ರು ಕುರ್ಚಿಯಿಂದ ಏಳದೆಯೇ ಕೇಳಿದರು, "ಸ್ಪಾನಿಷಾ? ಎಂದುಕಮ್ಮಾ? ಆ ದೇಶಂ ವೆಳ್ತುನ್ನಾರಾ?"

"ಲೇದು ಸಾರ್, ವಾಳ್ಳೇ ಮಾ ಇಂಟಿಕಿ ವಸ್ತುನ್ನಾರು," ಅಂದೆ. ನಾವು ಹೋಗುತ್ತಿಲ್ಲ, ಅವರೇ ನಮ್ಮ ಮನೆಗೆ ಬರುತ್ತಿದ್ದಾರೆ.

ಅವರಿಗೆ ನಂಬಿಕೆ ಬರಲಿಲ್ಲ, ಆದರೂ ಸೇರಿಸಿಕೊಂಡರು. ಸ್ಪಾನಿಷ್ ಅಂದರೆ ಬೇರೇನಲ್ಲ, ಇಂಗ್ಲಿಷಿನ ಮಾತುಗಳಿಗೆ ಕೊನೆಗೆ 'ಓ' ಹಚ್ಚಬೇಕು ಅಂತ ಹೇಳಿಕೊಟ್ಟರು. ಟೇಬಲೋ, ಫ್ಯಾನೋ, ಬಸ್ಸೋ. ನಾಲ್ಕನೇ ದಿನ ನೋಡಿದರೆ ಮೇಜಿನ ಕೆಳಗೆ ಫೋನ್ ಹಿಡಿದು ಹುಡುಕಿ ಹುಡುಕಿ ಹೇಳುತ್ತಿದ್ದಾರೆ. ಅದನ್ನು ನಾನು ಮನೆಯಲ್ಲೇ ಮಾಡಬಹುದಲ್ಲ ಅಂತ ಎದ್ದು ಬಂದೆ. ಹಳೇ ಪುಸ್ತಕದ ಅಂಗಡಿಯಲ್ಲಿ ಮುಖಪುಟ ಹರಿದ ಪ್ರವಾಸಿಗಳ ಪುಸ್ತಕವೊಂದು ಸಿಕ್ಕಿತು. ಈ ಮೀನು ಇವತ್ತಿನದೇ? ಸಮುದ್ರ ಕಾಣುವ ಕೋಣೆ ಇದೆಯೇ? ನನ್ನ ಪೆಟ್ಟಿಗೆ ಕಳೆದಿದೆ. ಬರೀ ಇಂಥವು. ಬದುಕಿದ್ದ ಗಂಡನನ್ನು ಸತ್ತ ಅಂತ ಬರೆದವರಿಗೆ ಬೇಕಾಗುವ ಪುಟ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಭಾಗ್ಯ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಬೆಳಿಗ್ಗೆ ಒಲೆ ಮೇಲೆ ನೀರು ಕಾಯುವ ಹೊತ್ತಿಗೆ ಅದನ್ನು ಒತ್ತುತ್ತಾ ಕೂರುತ್ತಿದ್ದೆ. ಹುಡುಗ ಸೇಬು ತಿನ್ನುತ್ತಾನೆ. ಹುಡುಗಿ ಹಾಲು ಕುಡಿಯುತ್ತಾಳೆ. ಎರಡು ವಾರ ಅದೇ ಹುಡುಗ, ಅದೇ ಸೇಬು. ನಾಲ್ಕೈದು ಸಲ ತಪ್ಪಿದರೆ ಆ್ಯಪ್ ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಿತ್ತು, ನಾಳೆ ಬಾ ಅನ್ನುತ್ತಿತ್ತು. ಆಮೇಲೆ ಶನಿವಾರದ ಒಂದು ಆನ್‌ಲೈನ್ ಕ್ಲಾಸು. ಪುಣೆಯವರು, ಹೈದರಾಬಾದಿನವರು, ಹದಿನಾಲ್ಕು ಮುಖ ಒಂದೇ ಪರದೆಯಲ್ಲಿ. ನಾನು ಮಷೀನಿಗೆ ಒರಗಿಸಿ ಫೋನ್ ಇಟ್ಟು, ಸೆರಗು ಸರಿಮಾಡಿಕೊಂಡು ಕೂರುತ್ತಿದ್ದೆ. ಕಲಿಸುವ ಹುಡುಗಿ ಒಬ್ಬೊಬ್ಬರನ್ನೇ ಮನೆಯವರ ಬಗ್ಗೆ ಕೇಳಿದಳು. ನನ್ನ ಸರದಿ ಬಂದಾಗ, ಗಂಡ ಇದ್ದಾರೆಯೇ ಅಂತ ಕೇಳಿದಳು. ಸಿ, ಹೌದು, ಅಂದರೆ ಸಾಕಿತ್ತು. ಬಾಯಿ ತೆರೆದೆ, ಮಾತೇ ಬರಲಿಲ್ಲ. ನೆಟ್‌ವರ್ಕ್ ಹೋಗಿದೆ ಅಂದುಕೊಂಡು ಅವಳು ಮುಂದಿನವರಿಗೆ ಹೋದಳು. ನೆಟ್‌ವರ್ಕ್ ಚೆನ್ನಾಗೇ ಇತ್ತು.

ಕೊನೆಗೆ ಸಿಕ್ಕವರು ಸಿಸ್ಟರ್ ತ್ರೇಸಾ. ಎಣ್ಣೆ ಮಿಲ್ಲಿನ ಓಣಿಯ ಕಾನ್ವೆಂಟಿಗೆ ನಾನು ಪ್ರತಿ ವರ್ಷ ಯೂನಿಫಾರ್ಮ್ ಹೊಲಿದು ಕೊಡುತ್ತಿದ್ದೆ. ಅಲ್ಲಿ ಮಹಡಿ ಮೇಲೆ ಒಬ್ಬ ಮುದುಕಿ ಸಿಸ್ಟರ್ ಇದ್ದಾರೆ, ಕೇರಳದವರು, ಪೆರು ದೇಶದ ಬೆಟ್ಟದ ಊರುಗಳಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು ಅಂತ ವಾಚ್‌ಮನ್ ಹೇಳಿದ. ಮಗ್ಗುಲಲ್ಲೇ ಇದ್ದರು, ನಾನು ಪುಣೆ-ಹೈದರಾಬಾದು ಸುತ್ತಿ ಬಂದಿದ್ದೆ. ಸಿಸ್ಟರಿಗೆ ಕನ್ನಡ ಬಾರದು, ನಮ್ಮ ಮಾತೆಲ್ಲ ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಯಾವ ಮಾತು ಕಲಿಯಬೇಕು ಮೊದಲು?" ಅಂತ ಕೇಳಿದರು.

"ನನ್ನ ಗಂಡ ಬದುಕಿದ್ದಾರೆ ಅನ್ನೋದನ್ನ ಹೇಳಿಕೊಡಿ ಸಿಸ್ಟರ್."

ಅವರು ಕನ್ನಡಕ ತೆಗೆದು ಒರೆಸಿದರು. "ಗಂಡ ಬದುಕಿರುವ ಯಾವ ಹೆಂಗಸೂ ಹಾಗೆ ಹೇಳುವುದಿಲ್ಲ. ಏನು ಮಾಡಿದ್ದೀಯ ನೀನು?"

ಎಲ್ಲ ಹೇಳಿದೆ. ಮಗಳಿಗೆ ಬಿಟ್ಟರೆ ಅಲ್ಲಿಯತನಕ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಸಿಸ್ಟರ್ ನಗಲಿಲ್ಲ, ಬೈಯಲೂ ಇಲ್ಲ. "ನಿನ್ನ ಗಂಡನಿಗೆ ಗೊತ್ತೇ?" ಅಂದರು.

"ಇಲ್ಲ."

"ಹಾಗಾದರೆ ಮನೆಗೆ ಹೋಗಿ ಮೊದಲು ಅವನಿಗೆ ಹೇಳು. ಸ್ಪಾನಿಷ್ ಆಮೇಲೆ."

"ಮೊದಲು ಸ್ಪಾನಿಷ್ ಹೇಳಿಕೊಡಿ," ಅಂದೆ ನಾನು. ಎಷ್ಟು ಮೊಂಡಿ ನೋಡಿ. ಪಾಪ, ಹೇಳಿಕೊಟ್ಟರು. ವಾರಕ್ಕೆರಡು ಮಧ್ಯಾಹ್ನ, ಆಲೂರಿನಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಅಂಕಿ, ತಿಂಗಳು, ಮನೆಯವರು, ಅಡುಗೆ. ಕೆಳಗಿನ ಚಾಪೆಲ್ಲಿಗೆ ಕರೆದುಕೊಂಡು ಹೋಗಿ ಒಂದೊಂದನ್ನೇ ಮುಟ್ಟಿ ಹೆಸರು ಹೇಳಿಸುತ್ತಿದ್ದರು. ಬಾಗಿಲು, ಬೆಂಚು, ಮೇಣದಬತ್ತಿ. ಮೇಣದಬತ್ತಿಗೆ ವೇಲಾ ಅನ್ನುತ್ತಾರೆ.

ಆ ವರ್ಷ ಮಳೆ ಶ್ರಾವಣದಲ್ಲಿ ಕೈಕೊಟ್ಟು, ಹತ್ತಿ ಬಿಡಿಸುವ ಹೊತ್ತಿಗೆ ಹಿಡಿದುಕೊಂಡಿತು. ಕಾಯಿ ಒಡೆದು ನಿಂತ ಹತ್ತಿ ಹೊಲದಲ್ಲೇ ತೊಯ್ದು, ಬೂದಿ ಬಣ್ಣಕ್ಕೆ ತಿರುಗಿ ಮಾರ್ಕೆಟ್ಟಿಗೆ ಬಂತು. ಒಣಗಿಸಿ, ಒದರಿ, ಮತ್ತೆ ಒದರಿ, ಮಿಲ್ಲಿನೊಳಗೆ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಧೂಳಂತೆ. ನನ್ನ ಗಂಡ ಮೊದಲಿನಿಂದಲೂ ಸ್ವಲ್ಪ ಕೆಮ್ಮುತ್ತಿದ್ದ. ದೀಪಾವಳಿ ಮುಗಿದ ವಾರ ತೂಕದ ಕಾಟಾದ ಪಕ್ಕದಲ್ಲೇ ಉಸಿರು ಸಿಗದೆ ಕುಸಿದು ಬಿದ್ದ. ಕರ್ನೂಲಿನ ಆಸ್ಪತ್ರೆಗೆ ಒಯ್ದೆವು. ಪುಪ್ಪುಸ ಎರಡೂ ಹಾಳಾಗಿವೆ, ಇನ್ನು ಮಿಲ್ಲಿನ ಕಡೆ ಸುಳಿಯಬಾರದು ಅಂದರು ಡಾಕ್ಟರು. ಹನ್ನೊಂದು ದಿನ ಆಕ್ಸಿಜನ್ ಹಾಕಿಕೊಂಡು ಮಲಗಿದ.

ನಮ್ಮತ್ತೆ ಇದ್ದಾಗ ಒಂದು ಮಾತು ಹೇಳುತ್ತಿದ್ದಳು. ಕೆಟ್ಟದ್ದನ್ನು ನುಡಿಯಬೇಡ, ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ, ಅವರು ಕೇಳಿಸಿಕೊಂಡು ಹಾಗೇ ಆಗಲಿ ಅಂದುಬಿಡುತ್ತಾರೆ ಅಂತ. ಆ ಹನ್ನೊಂದು ದಿನ ಆಸ್ಪತ್ರೆಯ ಬೆಂಚಿ ಮೇಲೆ ಕೂತು ನನ್ನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ನಾನು ನುಡಿದಿದ್ದರೆ ಗಾಳಿಗೆ ಹೋಗುತ್ತಿತ್ತೇನೋ, ಬರೆದಿದ್ದೆ. ಹೆಸರು ಹಾಕಿ ಬರೆದಿದ್ದೆ. ಅದು ಸ್ಪಾನಿಷಿಗೆ ಹೋಗಿ ಹತ್ತು ವರ್ಷ ಅಲ್ಲಿ ಅವನ ಹೆಸರಿನಲ್ಲಿ ಸಾವಿನ ದೀಪ ಉರಿದಿತ್ತು. ಯಾವ ಭಾಷೆಯಲ್ಲಿ ಸತ್ತಿದ್ದಾನೋ ಆ ಭಾಷೆಯಲ್ಲೇ ಅವನನ್ನು ಬದುಕಿಸಬೇಕು, ಇಲ್ಲದಿದ್ದರೆ ಇವನು ಉಳಿಯುವುದಿಲ್ಲ ಅಂತ ನನಗೆ ಖಾತ್ರಿಯಾಗಿಬಿಟ್ಟಿತು. ಓದಿದವರು ನಗಬಹುದು. ಉಸಿರಿಗಾಗಿ ಬಾಯಿ ತೆರೆಯುವ ಗಂಡನ ಪಕ್ಕ ಕೂತು ನೋಡಿ, ಆಮೇಲೆ ನಗಿ.

ಅಲ್ಲಿಂದ ಮುಂದೆ ನಾನು ಕಲಿತದ್ದು ಪಾಠದ ಹಾಗಲ್ಲ, ಜಪದ ಹಾಗೆ. ಮಿ ಮರಿದೊ ಎಸ್ತಾ ವಿವೊ. ನನ್ನ ಗಂಡ ಬದುಕಿದ್ದಾನೆ. ಮಾತ್ರೆ ಕೊಡುವಾಗ, ಬೆನ್ನು ಒತ್ತುವಾಗ, ತುಟಿ ಆಡುತ್ತಲೇ ಇರುತ್ತಿತ್ತು. ಒಂದು ದಿನ ಅವನು ಮಾಸ್ಕ್ ಸರಿಸಿ ಕೇಳಿದ.

"ಏನ್ ವಟವಟ ಅಂತಿ?"

"ಪಿಲಾರಮ್ಮನ ಭಾಷಾ. ಬಂದಾಗ ನಾಲ್ಕ್ ಮಾತಾಡ್ಬೇಕಲ್ಲ."

"ಚಲೋ ಆತು. ನನಗೂ ಒಂದ್ ಮಾತ್ ಕಲ್ಸು. ಅಷ್ಟ್ ದೂರದಾಗ ಕುಂತು ನಮ್ಮ ಹುಡುಗೀನ ಹತ್ತು ವರ್ಷ ನೋಡ್ಕೊಂಡಾಳ. ಉಪಕಾರ ಆತು ತಾಯಿ ಅಂತ ನಾನೂ ಹೇಳ್ಬೇಕು."

ಆಗ ಹೇಳಬೇಕಿತ್ತು. ವಾರ್ಡಿನಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ, ಕಿಟಕಿಯಿಂದ ಬಿಸಿಲು ಮಂಚದ ತನಕ ಬಂದಿತ್ತು, ಅವನ ಮುಖದಲ್ಲಿ ಸ್ವಲ್ಪ ನಗು ಇತ್ತು. ನಾನು ಹೇಳಲಿಲ್ಲ. ಗ್ರಾಸಿಯಾಸ್ ಅನ್ನುವುದನ್ನು ಹೇಳಿಕೊಟ್ಟೆ. ಅವನು "ಗ್ರಾಸಿಯಾಸಮ್ಮ" ಅಂತ ನಾಲ್ಕು ಸಲ ಅಂದು ಮಲಗಿದ.

ಪಿಲಾರಮ್ಮ ಬಂದದ್ದು ಸಂಕ್ರಾಂತಿ ಆಗಿ ಎಂಟು ದಿನಕ್ಕೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಅಷ್ಟರಲ್ಲಿ ನನ್ನ ಗಂಡ ಮನೆಗೆ ಬಂದಿದ್ದ, ಪಡಸಾಲೆಯ ಹೊರಸು ಅವನ ಜಾಗ. ಗೋನೆಗಂಡ್ಲದ ತನಕ ಕಳಿಸುವ ಮಾತು ಇರಲಿ, ಓಣಿಯ ತುದಿಗೆ ನಡೆದರೂ ಕೂತು ಸುಧಾರಿಸಿಕೊಳ್ಳಬೇಕಿತ್ತು. ಅವತ್ತು ಹೊಸ ಶರ್ಟು ಹಾಕಿಸು ಅಂದ. ಹಾಕಿದರೆ ಮೊಳೆಗೆ ನೇತುಹಾಕಿದ ಹಾಗೆ ಕಾಣುತ್ತಿತ್ತು.

ಜೀಪಿನಿಂದ ಇಳಿದವಳು ಕುಳ್ಳಗೆ, ಬೆಳ್ಳನೆ ಕೂದಲು, ಎಡಗಾಲು ಸ್ವಲ್ಪ ಎಳೆಯುತ್ತಿದ್ದಳು. ಎಪ್ಪತ್ತರ ಮೇಲಿರಬೇಕು. ಭಾಗ್ಯಳನ್ನು ಕಂಡವಳೇ ತಬ್ಬಿಕೊಂಡು ಅಳುತ್ತಾ ನಿಂತಳು. ಇಬ್ಬರೂ ಅತ್ತರು. ಜೊತೆಗೆ ಬಂದ ಆಫೀಸಿನ ದುಭಾಷಿ ಸುಗುಣ ಮೇಡಂ ಮುಖ ತಿರುಗಿಸಿ ನಿಂತರು, ಹನುಮಂತು ಫೋನಿನಲ್ಲಿ ಫೋಟೋ ಹೊಡೆಯುತ್ತಲೇ ಇದ್ದ. ನನ್ನ ಗಂಡ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಇದೇ ಹೊತ್ತು ಅಂದುಕೊಂಡು, ಆರತಿ ಎತ್ತಿ, ಕುಂಕುಮ ಇಟ್ಟು, ಆಕೆಯ ಕೈ ಹಿಡಿದು ಸೀದಾ ಅಡುಗೆಮನೆಗೆ ಕರೆದೊಯ್ದೆ. ಮೇಡಂ ಹಿಂದೆಯೇ ಬರುವವರು, ಭಾಗ್ಯ ಅವರಿಗೆ ಕುರ್ಚಿ ಅಡ್ಡ ಹಾಕಿದಳು. "ಮೀರು ಕೂರ್ಚೋಂಡಿ ಮೇಡಂ, ಅಮ್ಮ ಕಿಚನ್ ಚೂಪಿಸ್ತುಂದಂತೆ," ಅಂದಳು. ನೀವು ಕೂತ್ಕೊಳ್ಳಿ, ಅಮ್ಮ ಅಡುಗೆಮನೆ ತೋರಿಸುತ್ತಾಳಂತೆ.

ಹಂಚಿನ ಮೇಲೆ ಹೋಳಿಗೆ ಇತ್ತು. ಪಿಲಾರಮ್ಮ ಅದರ ವಾಸನೆ ನೋಡಿ ಏನೋ ಒಳ್ಳೆಯದು ಅಂದಳು. ನಾನು ಒಲೆ ಆರಿಸಿದೆ. ಆರು ತಿಂಗಳು ಕಾಯಿಸಿದ ಮಾತು.

"ಯೊ ಮೆಂತಿ," ಅಂದೆ. ನಾನು ಸುಳ್ಳು ಹೇಳಿದೆ. "ಮಿ ಮರಿದೊ ಎಸ್ತಾ ವಿವೊ."

ಆಕೆ ನಗುತ್ತಲೇ ಕಿವಿ ಹತ್ತಿರ ತಂದಳು, ತನಗೇ ಸರಿಯಾಗಿ ತಿಳಿಯಲಿಲ್ಲ ಅನ್ನುವ ಹಾಗೆ. ಇನ್ನೊಮ್ಮೆ ಹೇಳಿದೆ. ನಗು ಹೋಯಿತು. ಕಿಟಕಿಯ ಕಡೆ ಕೈ ತೋರಿಸಿದೆ. ಹಿತ್ತಲಲ್ಲಿ ಅವನು ಟವೆಲಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದ. "ಎಲ್ ಪಾದ್ರೆ ದೆ ಭಾಗ್ಯ," ಅಂದೆ. ಭಾಗ್ಯಳ ಅಪ್ಪ. "ಪೆರ್ದೋನ್." ಕ್ಷಮಿಸು.

ಅವಳು ಕಟ್ಟೆಯ ಕಲ್ಲು ಹಿಡಿದುಕೊಂಡಳು. ಆಮೇಲೆ ಹೆಗಲ ಚೀಲದೊಳಗೆ ಕೈ ಹಾಕಿ ಒಂದು ಮೇಣದಬತ್ತಿ ತೆಗೆದಳು, ಕೆಂಪು ಗಾಜಿನ ಲೋಟದಲ್ಲಿ ಕೂರಿಸಿದ್ದು. ಫೋಟೋದ ಮುಂದೆ ಇಡಲು ಅಲ್ಲಿಂದ ಹೊತ್ತು ತಂದಿದ್ದಳು. ಅದನ್ನು ನೋಡಿದಳು, ನನ್ನನ್ನು ನೋಡಿದಳು, ನನ್ನ ಹಂಚಿನ ಪಕ್ಕ ಅದನ್ನಿಟ್ಟು ಹೊರಗೆ ನಡೆದಳು. ನಾನು ಅಂದುಕೊಂಡಿದ್ದೇನು? ತಬ್ಬಿಕೊಳ್ಳುತ್ತಾಳೆ, ಹೆಂಗಸಿನ ಸಂಕಟ ಹೆಂಗಸಿಗೆ ತಿಳಿಯುತ್ತದೆ, ಮುಗಿಯಿತು ಅಂತ. ನಾನು ಆ ಸುಳ್ಳು ಬರೆದ ವರ್ಷವೇ ಅವಳೂ ಗಂಡನನ್ನು ಕಳೆದುಕೊಂಡವಳು ಅನ್ನುವುದು, ಒಬ್ಬಳೇ ಅಳದೆ ಕಾಗದದಲ್ಲೇ ನನ್ನ ಮಗಳನ್ನೂ ಜೊತೆಗೆ ಕೂರಿಸಿಕೊಂಡು ಅತ್ತಿದ್ದಳು ಅನ್ನುವುದು ನನಗೆ ಆ ಕ್ಷಣದ ತನಕ ಹೊಳೆದಿರಲಿಲ್ಲ.

ಪಡಸಾಲೆಗೆ ಬಂದರೆ ಅವನು ಹೊರಸಿನ ಪಕ್ಕ ಎದ್ದು ನಿಂತು, ಎರಡೂ ಕೈ ಮುಗಿದು, "ಗ್ರಾಸಿಯಾಸಮ್ಮ" ಅನ್ನುತ್ತಿದ್ದ. ಹನುಮಂತು ಹೆಮ್ಮೆಯಿಂದ ಪಿಲಾರಮ್ಮನಿಗೆ ತೋರಿಸಿ ಕೂಗಿದ, "ಫಾದರ್! ಫಾದರ್!"

ಪಿಲಾರಮ್ಮ ಅವನ ಮುಗಿದ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು. ಮೆಲ್ಲಗೆ, ಒಂದೊಂದೇ ಮಾತಾಗಿ ಏನೋ ಹೇಳಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. ಸುಗುಣ ಮೇಡಂ ಒಮ್ಮೆ ಬೆಚ್ಚಿ ನನ್ನ ಕಡೆ ನೋಡಿದರು. ಎಲ್ಲ ತಿಳಿಯಿತು ಅವರಿಗೆ. ಒಳ್ಳೆಯ ಹೆಂಗಸು. ತೆಲುಗಿನಲ್ಲಿ, "ಆರೋಗ್ಯಂ ಜಾಗ್ರತ್ತಗಾ ಚೂಸುಕೋಮಂಟುನ್ನಾರು," ಅಂದರು. ಆರೋಗ್ಯ ನೋಡಿಕೊಳ್ಳಿ ಅನ್ನುತ್ತಿದ್ದಾರೆ.

ಅಲ್ಲಿಗೆ ನಾನು ಪಾರಾಗಿದ್ದೆ. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸಿಸ್ಟರ್ ಅಂಕಿ ಕಲಿಸಿದ್ದರು, ಮೇಣದಬತ್ತಿ ಕಲಿಸಿದ್ದರು. ಆಕೆ ಅಂದದ್ದೇನು ಅಂತ ನನಗೆ ಗೊತ್ತಿತ್ತು.

"ಆರೋಗ್ಯ ನೋಡ್ಕೋ ಅನ್ನಾಕ ಆಕಿ ಯಾಕ ಅಳ್ತಾಳ?" ಅಂತ ನನ್ನ ಗಂಡ ಕೇಳಿದ. ಅವನ ಮುಖದಲ್ಲಿ ಇನ್ನೂ ಆ ನಗು ಇತ್ತು. ಭಾಗ್ಯ ಬಾಗಿಲ ಚೌಕಟ್ಟಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

"ಆಕಿ ಹಂಗ ಅನ್ನಲಿಲ್ಲ," ಅಂದೆ. "ಹತ್ತು ವರ್ಷ ನಿನ್ನ ಹೆಸರಿಲೆ ಬತ್ತಿ ಹಚ್ಚೀನಿ ಅಂದ್ಲು. ನೀ ಸತ್ತೀದಿ ಅಂತ ತಿಳ್ಕೊಂಡು. ಇನ್ನ ಮ್ಯಾಲ ಹಚ್ಚಂಗಿಲ್ಲ ಅಂದ್ಲು. ಸತ್ತಾನ ಅಂತ ಕಾಗದ ಬರೆದಾಕಿ ನಾನು."

ಹನುಮಂತು ಫೋನ್ ಕೆಳಗಿಳಿಸಿದ.

ಆಮೇಲೆ ಏನೇನು ಆಗಬೇಕೋ ಎಲ್ಲ ಆಯಿತು. ಎಲೆ ಹಾಕಿದೆವು. ಪಿಲಾರಮ್ಮ ಮರ್ಯಾದೆಗೆ ಅರ್ಧ ಹೋಳಿಗೆ ತಿಂದಳು. ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡೆವು, ಅದರಲ್ಲಿ ಒಬ್ಬರೂ ನಕ್ಕಿಲ್ಲ. ಹೋಗುವಾಗ ಭಾಗ್ಯಳನ್ನು ಮತ್ತೆ ತಬ್ಬಿಕೊಂಡಳು, ಹಣೆಗೆ ಮುತ್ತಿಟ್ಟಳು. ನನಗೆ ಅದಿಯೋಸ್ ಅಂದಳು, ಅಷ್ಟೇ. ಮುಂದೆ ಒಂದು ಕಾಗದ ಬಂತು, ಓದಿನ ಬಗ್ಗೆ ನಾಲ್ಕು ಸಾಲು. ಆ ವರ್ಷವೇ ಭಾಗ್ಯಳಿಗೆ ಹದಿನೆಂಟು ತುಂಬಿತು. ಹದಿನೆಂಟಾದರೆ ಕಾಗದ ನಿಲ್ಲುವುದು ಸಂಸ್ಥೆಯ ನಿಯಮ. ನಿಯಮಕ್ಕೆ ನಿಂತವೋ, ಆಕೆಗೆ ಸಾಕಾಗಿತ್ತೋ ಗೊತ್ತಿಲ್ಲ. ಕೇಳಲು ನನಗೆ ಈಗ ಭಾಷೆ ಬರುತ್ತದೆ, ವಿಳಾಸ ಇಲ್ಲ.

ಅವತ್ತು ಜೀಪು ಹೋದ ಮೇಲೆ ಹನುಮಂತು ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಎದ್ದು ಹೋದ. ಭಾಗ್ಯ ಪಾತ್ರೆ ತಗೊಂಡು ಹಿತ್ತಲಿಗೆ ಹೋದಳು. ಅವನು ಹೊಸ ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೊರಸಿನ ಮೇಲೆ ಕೂತಿದ್ದ. ನಾನು ನೆಲದ ಮೇಲೆ ಕೂತೆ. ಬೈಯಲಿ, ಏಳುವ ಶಕ್ತಿ ಇದ್ದರೆ ಎದ್ದು ಹೊಡೆಯಲಿ ಅಂತ ಕಾಯುತ್ತಿದ್ದೆ.

"ಯಾವ ವರ್ಷ?" ಅಂದ.

"ನೀ ಬಳ್ಳಾರ್ಯಾಗ ಇದ್ದ ವರ್ಷ."

ಅವನು ಇನ್ನೊಂದು ಗುಂಡಿ ಬಿಚ್ಚಿದ. ಉಸಿರು ಸುಯ್ಯನೆ ಒಳಗೆ ಹೋಗಿ ಸುಯ್ಯನೆ ಹೊರಗೆ ಬರುತ್ತಿತ್ತು.

"ಹೆಂಗ ಸತ್ತೆ ನಾನು?"

"ಜ್ವರ ಬಂದು."

"ಎಷ್ಟ್ ದಿನ ಮಲಗಿದ್ದೆ?"

"ಅದೆಲ್ಲ ಬರ್ದಿಲ್ಲ."

"ಮತ್ತ ಏನ್ ಬರ್ದಿದ್ದಿ?"

"ಭಾಗ್ಯ ಬರೆದಂಗ ಬರ್ದಿದ್ದೆ. ನಮ್ಮಮ್ಮ ಮಷೀನಿನ ಮುಂದ ಕುಂತು ದಿನಾ ಅಳ್ತಾಳ ಅಂತ."

ಅವನು ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ನಿಲ್ಲಿಸಿದ. ತಲೆ ಎತ್ತಿ, ಅವತ್ತು ಮೊದಲ ಸಲ ನನ್ನ ಮುಖ ನೋಡಿದ.

"ಅದೂ ಸುಳ್ಳೇನು?"

"ಇಲ್ಲ," ಅಂದೆ. "ಆ ಕಾಗದದಾಗ ಅದೊಂದ ಖರೇ."